ಕಾರು ಹೋಗದ ಊರು

ತೆಂಗಿನಕಾಯಿ ಉರುಳಿ ಬಂದು ಮತ್ತೊಮ್ಮೆ ಛಾಯಾಳ ಕಾಲಿನ ಹರಡಿಗೆ ಬಡಿಯಿತು. ಮಗಳ ಮನೆಯ ಸತ್ಯನಾರಾಯಣ ಪೂಜೆಗೆಂದು ತಂದ ಕಾಯಿಗಳು. ಕಾರಿನ ಹಿಂದೆ ಟ್ರಂಕಿನಲ್ಲಿಡಿ ಎಂದು ಬೆಳಿಗ್ಗೆಯೇ ಹೇಳಿದ್ದಳು. ಟ್ರಂಕಿನ ಬಿಸಿಗೆ ಕಾಯಿ ಕೊಳೆಯುತ್ತೆ ಅಂತ ಮಂಜುನಾಥ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳ ಕಾಲಬುಡಕ್ಕೆ ತಳ್ಳಿದ್ದ. ಅವನು ಬ್ರೇಕ್ ಒತ್ತಿದಾಗಲೆಲ್ಲ ಚೀಲದ ಬಾಯಿ ಬಿಚ್ಚಿಕೊಂಡು ಒಂದು ಕಾಯಿ ಹೊರಬರುತ್ತಿತ್ತು. ಅವಳು ಬಗ್ಗಿ ಅದನ್ನು ಒಳಗೆ ಹಾಕಿ ಗಂಟು ಬಿಗಿದು ತಲೆ ಎತ್ತುವಷ್ಟರಲ್ಲಿ ಅವನು ಕೇಳುತ್ತಿದ್ದ: "ಈಗ ಎಡಕ್ಕಾ ಬಲಕ್ಕಾ?" ಫೋನಿನಲ್ಲಿ ದಾರಿ ಹೇಳುವ ಹೆಂಗಸಿನ ದನಿ ಅವನಿಗೆ ಆಗದು. ಅದನ್ನು ಮ್ಯೂಟ್ ಮಾಡಿ ಫೋನನ್ನು ಹೆಂಡತಿಯ ತೊಡೆಯ ಮೇಲಿಟ್ಟು, "ನೀನು ಹೇಳು, ನಿನ್ನ ವಾಯ್ಸೇ ಸಾಕು" ಎನ್ನುವುದು ಅವನ ಪದ್ಧತಿ. ಇದನ್ನು ಬಂದವರೆದುರು ಪ್ರೀತಿಯ ಮಾತಿನ ಹಾಗೆ ಹೇಳುತ್ತಾನೆ, ಬಂದವರೂ ಹಾಗೇ ನಗುತ್ತಾರೆ. ಚಿಕಾಗೋ ಹತ್ತಿರದ ಡೌನರ್ಸ್ ಗ್ರೋವಿನ ಮನೆಯ ಗರಾಜಿನಿಂದ ಹೊರಬಿದ್ದರೆ ಮಿಶಿಗನ್ನಿನ ಕ್ಯಾಂಟನ್‌ನಲ್ಲಿರುವ ಮಗಳು ಜಾನ್ವಿಯ ಡ್ರೈವ್‌ವೇ ತಲುಪುವವರೆಗೆ ಅವನದು ಒಂದೇ ಉಸಿರು. ಹಾಡು ಹಾಕುವುದಿಲ್ಲ, ಕಿಟಕಿ ಇಳಿಸುವುದಿಲ್ಲ, ನಿಲ್ಲಿಸುವುದಿಲ್ಲ. ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಕಂದು ಗೋಡೆಗಳು ಬಂದು ಹೋದವು. ಆಚೆಗೆಲ್ಲೋ ದೊಡ್ಡ ಸರೋವರವಿದೆಯೆಂದು ಅವಳಿಗೆ ಗೊತ್ತು, ಇಷ್ಟು ವರ್ಷ ಇದೇ ದಾರಿಯಲ್ಲಿ ಹೋಗಿಯೂ ಈ ರಸ್ತೆಯಿಂದ ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ಕಾರಿನ ಸ್ಪೀಕರಿನಲ್ಲಿ ಫೋನು ಹೊಡೆದುಕೊಂಡಿತು. ಜಾನ್ವಿ. ಯಾರ ಫೋನು ಬಂದರೂ ಈ ಕಾರಿನಲ್ಲಿ ಆಕಾಶವಾಣಿಯಂತೆ ನಾಲ್ಕು ಕಡೆಯಿಂದ ಕೇಳಿಸುತ್ತದೆ. "ಅಮ್ಮಾ, ವೇರ್ ಆರ್ ಯು ಗೈಸ್? ಅತ್ತೆ ಕೇಳ್ತಾ ಇದಾರೆ. ಲಿಸನ್, ಪೂಜೆ ಆದ್ಮೇಲೆ ನಿನ್ನ ಸ್ಟೋರಿ ಇಟ್ಕೊಂಡಿದೀವಿ, ಓಕೆ? ದ ಲೇಡಿ ಬೈ ದ ಲೇಕ್. ಎವ್ರಿಬಡಿ ಇಸ್ ವೇಯ್ಟಿಂಗ್." ಹಿಂದಿನಿಂದ ಬೀಗಿತ್ತಿ ವಸುಧಾ ಕೂಗಿದರು: "ಛಾಯಾ ಅವರೇ, ಚಿಕಾಗೋದವರಿಗೆ ಮಾತ್ರ ಹೇಳೋದಾ? ನಮಗೂ ಸ್ವಲ್ಪ ಪುಣ್ಯ ಬರಲಿ!" ಛಾಯಾ "ಅಯ್ಯೋ, ಅದೇನು ಮಹಾ" ಎಂದಳು. ಹಾಗೆ ಅನ್ನುವಾಗ ಗಂಟಲಿನಲ್ಲಿ ಒಂದು ಸಣ್ಣ ಸುಖ ಆಡಿತು. ಕಥೆ ಚೆನ್ನಾಗಿ ಹೇಳುತ್ತಾಳೆಂದು ಅವಳಿಗೆ ಗೊತ್ತಿತ್ತು. ಅವಳ ಅಜ್ಜಿ ಹಿಟ್ಟು ಬೀಸುತ್ತಲೇ ಕಥೆ ಹೇಳುತ್ತಿದ್ದವಳು. ಎಲ್ಲಿ ಕಲ್ಲು ನಿಲ್ಲಿಸಬೇಕು, ಎಲ್ಲಿ ತಿರುಗಿಸಬೇಕು ಎನ್ನುವುದು ರಕ್ತದಲ್ಲೇ ಬಂದಿರಬೇಕು. ಮಂಜುನಾಥ ಕನ್ನಡಿಯಲ್ಲಿ ಹಿಂದಿನ ಟ್ರಕ್ಕನ್ನು ನೋಡಿದ, ಮತ್ತೆ ನೋಡಿದ.

ಒಬ್ಬಳೇ ಹೋಗುತ್ತೇನೆ ಎಂದು ಹೋದ ವರ್ಷ ಅವಳು ಹೇಳಿದಾಗ ಇಡೀ ಊರು ಕೇಳಿದ್ದು ಒಂದೇ ಪ್ರಶ್ನೆ: ಜಗಳ ಆಯ್ತಾ? ಅರವತ್ತು ದಾಟಿದ ಹೆಂಗಸು ಗಂಡನನ್ನು ಬಿಟ್ಟು ಸ್ವಿಟ್ಜರ್ಲೆಂಡಿಗೆ, ಅದೂ ಕಾರಿಲ್ಲದೆ, ರೈಲು ಬಸ್ಸು ದೋಣಿ ಹತ್ತಿ ಇಳಿದು ಬೆಟ್ಟದ ಹಳ್ಳಿಗಳನ್ನು ಸುತ್ತುತ್ತಾಳೆಂದರೆ ಜಗಳವಲ್ಲದೆ ಇನ್ನೇನು ಕಾರಣ? ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ಹೇಳಲು ಸುಲಭವಿತ್ತು. ಒಂದು ಸಲ ಓಕ್ ಬ್ರೂಕ್‌ನ ಬಾಡಿಗೆ ಹಾಲಿನಲ್ಲಿ ಕನ್ನಡ ಕೂಟದ ಯುಗಾದಿ ಮುಗಿದಿತ್ತು. ಮಂಜುನಾಥ ಆಫೀಸಿನ ಕೆಲಸದ ಮೇಲೆ ಊರಲ್ಲಿರಲಿಲ್ಲ. ಖಾಲಿಯಾದ ಚಿತ್ರಾನ್ನದ ಟ್ರೇ ಹಿಡಿದು ಅವಳು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದಳು. ಎರಡು ಸಂಸಾರದವರು ಬಹಳ ನಯವಾಗಿ, ನಗುನಗುತ್ತ, ಅವಳ ತಲೆಯ ಮೇಲಿಂದಲೇ ಮಾತಾಡಿಕೊಂಡರು. "ನಿಮಗೆ ದಾರಿ ಮೇಲೇ ಬೀಳತ್ತಲ್ವಾ?" "ಇಲ್ಲಪ್ಪಾ, ನಮಗೆ ಒಂದು ಎಕ್ಸಿಟ್ ಹಿಂದೆ ಹೋಗಬೇಕು. ಪರವಾಗಿಲ್ಲ, ನೀವು ಬಿಡದಿದ್ರೆ ನಾವು ಬಿಡ್ತೀವಿ." ಅವಳು ಟ್ರೇಗೆ ಅಂಟಿದ ಫಾಯಿಲನ್ನು ಬಿಡಿಸುತ್ತ, ಬಿಡಿಸಿದ್ದನ್ನು ಮಡಿಸುತ್ತ ನಿಂತಿದ್ದಳು. ಲೈಸೆನ್ಸ್ ಇತ್ತು. ಒಮ್ಮೆ ಹೈವೇಗೆ ಸೇರುವ ರಾಂಪಿನಲ್ಲಿ ಒಳಗೆ ನುಗ್ಗಲಾಗದೆ ನಿಂತುಬಿಟ್ಟು, ಹಿಂದಿನ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದ ದಿನದಿಂದ ಅದು ಪರ್ಸಿನಲ್ಲಿ ಬರೀ ಫೋಟೋ ಆಗಿತ್ತು. ಅಲ್ಲಿಂದಾಚೆ ಅವಳು ಎಲ್ಲಿಗೆ ಹೋದರೂ ಯಾರಿಗೋ ಥ್ಯಾಂಕ್ಸ್ ಹೇಳಿ ಇಳಿದಿದ್ದಳು. ದೇವರ ದರ್ಶನಕ್ಕೆ ಹೋದರೂ ಮೊದಲು ಕರೆದುಕೊಂಡು ಬಂದವರ ಮುಖ ನೋಡಬೇಕು, ಹೊರಡೋಣವೇ ಎಂದು ಅವರು ಕಣ್ಣಲ್ಲಿ ಕೇಳಿದರೆ ಮಂಗಳಾರತಿಯ ನಡುವೆಯೇ ಏಳಬೇಕು. ಗಂಡನೊಂದಿಗೆ ಹೋದರೂ ಅಷ್ಟೆ. ಈ ದೇಶದ ಬೆಟ್ಟ, ಕಣಿವೆ, ಜಲಪಾತಗಳನ್ನೆಲ್ಲ ಅವಳು ನೋಡಿದ್ದು ಮುಂದಿನ ಗಾಜಿನಿಂದ, ಕಿತ್ತಳೆ ಸುಲಿಯುತ್ತ. ಸುಲಿದು, ನಾರು ಬಿಡಿಸಿ, ಅರ್ಧ ಹಣ್ಣನ್ನು ಎಡಗೈಯಲ್ಲಿ ಪಕ್ಕಕ್ಕೆ ಚಾಚುವುದು. ರಸ್ತೆಯಿಂದ ಕಣ್ಣು ತೆಗೆಯದೆ ಅವನು ಅದನ್ನು ಇಸಿದುಕೊಳ್ಳುವುದು. ಅಷ್ಟರಲ್ಲಿ ಜಲಪಾತ ಮುಗಿದಿರುತ್ತಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಹಾಗಿರಲಿಲ್ಲ. ಅಲ್ಲಿ ರೈಲು ಇಳಿದರೆ ಎದುರಿಗೇ ಹಳದಿ ಬಸ್ಸು ನಿಂತಿರುತ್ತಿತ್ತು. ರೈಲು ತಡವಾದರೆ ಬಸ್ಸು ಕಾಯುತ್ತಿತ್ತು, ಬಸ್ಸು ಇಳಿದರೆ ದೋಣಿ. ಒಂದೇ ಟಿಕೆಟ್ಟು. ಯಾರಿಗೂ ದಾರಿಯ ಮೇಲೆ ಬೀಳಬೇಕಾಗಿರಲಿಲ್ಲ, ಯಾರೂ ಒಂದು ಎಕ್ಸಿಟ್ ಹಿಂದೆ ಹೋಗಬೇಕಾಗಿರಲಿಲ್ಲ. ಮೊದಲ ದಿನ ಬಸ್ಸಿಳಿಯುವಾಗ ಅಭ್ಯಾಸಬಲದಿಂದ ಡ್ರೈವರನಿಗೆ ಕೈ ಮುಗಿದುಬಿಟ್ಟಿದ್ದಳು. ಅವನು ಗಾಬರಿಯಾಗಿ ತಾನೂ ಮುಗಿದ. ಆಮೇಲೆ ಮುಗಿಯಲಿಲ್ಲ. ಸುಮ್ಮನೆ ಇಳಿಯುವ ಸುಖ ಏನೆಂದು ಗೊತ್ತಾಯಿತು. ಒಂದೊಂದು ಸಲ ಬೇಕೆಂದೇ ನಡುವಿನ ಹಳ್ಳಿಯಲ್ಲಿ ಇಳಿದು, ಚರ್ಚಿನ ಹಿಂದಿನ ಹುಲ್ಲಿನ ದಿಬ್ಬದಲ್ಲಿ ಕೂತು, ದನಗಳ ಕೊರಳಗಂಟೆ ಕೇಳಿ, ಮುಂದಿನ ಬಸ್ಸಿಗೆ ಹೋದಳು. ಯಾಕೆ ಇಳಿದೆ ಎಂದು ಯಾರೂ ಕೇಳಲಿಲ್ಲ. ವಾಲೆನ್‌ಸೀ ಎಂಬ ಸರೋವರದ ದಡದಲ್ಲಿ ಕ್ವಿಂಟೆನ್ ಎಂದು ಒಂದು ಪುಟ್ಟ ಊರಿದೆ, ಅದಕ್ಕೆ ಕಾರಿನ ರಸ್ತೆಯೇ ಇಲ್ಲ, ಹಿಂದೆ ಗೋಡೆಯಂಥ ಬೆಟ್ಟ, ಮುಂದೆ ನೀರು, ದೋಣಿಯಲ್ಲಿ ಹೋಗಬೇಕು ಇಲ್ಲವೇ ನಡೆದು ಹೋಗಬೇಕು ಎಂದು ಓದಿದಾಗ ಅವಳಿಗೆ ಕಾಶಿಯ ಹೆಸರು ಕೇಳಿದಂತಾಗಿತ್ತು. ಅಂಥದೊಂದು ಊರು ಇದೆಯಲ್ಲ, ಜನ ಅಲ್ಲಿ ಬಾಳುತ್ತಾರಲ್ಲ, ದ್ರಾಕ್ಷಿ ಅಂಜೂರ ಬೆಳೆಯುತ್ತಾರಲ್ಲ! ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ದೋಣಿಯಿಂದ ಇಳಿದಳು. ಜೊತೆಗಿಳಿದ ನಾಲ್ಕಾರು ಜನ ಎತ್ತಲೋ ಹೋದರು. ನೀರಿನಂಚಿಗೆ ಒಂದು ಬೆಂಚು. ಕೂತಳು. ನೀರು ಹಸಿರಾಗಿತ್ತು, ನೋಡುತ್ತಿದ್ದಂತೆ ಕಪ್ಪಾಯಿತು, ಮತ್ತೆ ಹಸಿರಾಯಿತು. ಇದೇ ಎಂದುಕೊಂಡಳು. ಇದಕ್ಕೇ ಬಂದದ್ದು. ಚೀಲದಿಂದ ಕಿತ್ತಳೆ ತೆಗೆದು ಸುಲಿದಳು, ನಾರು ಬಿಡಿಸಿದಳು, ಬೆಟ್ಟವನ್ನು ನೋಡುತ್ತಲೇ ಅರ್ಧ ಹಣ್ಣನ್ನು ಎಡಕ್ಕೆ ಚಾಚಿದಳು.

ಯಾರೂ ಇರಲಿಲ್ಲ. ಕೈ ಅಲ್ಲೇ ನಿಂತಿತು. ಅವಳು ಕೈಯನ್ನು ನೋಡಿದಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಇಷ್ಟು ದೂರ, ಇಷ್ಟು ನೀರು ದಾಟಿ, ಕಾರೇ ಬರಲಾರದ ಊರಿಗೆ ಬಂದರೂ ಕೈ ಮಾತ್ರ ಕಾರಿನಲ್ಲೇ ಕೂತಿತ್ತು. ಸಿಟ್ಟಿಗೆ ಅಳು ಬಂತು. ದುಃಖದ ಅಳುವಲ್ಲ, ಮಕ್ಕಳು ಗುಂಡಿ ಹಾಕಿಕೊಳ್ಳಲು ಬರದೆ ಅಳುತ್ತವಲ್ಲ, ಅಂಥದು. ಕೈ ಹಿಂದಕ್ಕೆ ಬರಲೊಲ್ಲದು, ಅಳು ನಿಲ್ಲಲೊಲ್ಲದು. ಆಗ ಬೆಂಚಿನ ಎಡತುದಿಯಲ್ಲಿ ಯಾರೋ ಕೂತರು, ತಲೆಗೆ ಬೂದುಬಣ್ಣದ ಸ್ಕಾರ್ಫ್ ಸುತ್ತಿದ ಹೆಂಗಸು. ಛಾಯಾಳ ಕೈಯಿಂದ ಅರ್ಧ ಹಣ್ಣು ತೆಗೆದುಕೊಂಡು ಒಂದೊಂದೇ ತೊಳೆ ತಿಂದರು. ತಿಂದು, "ಭಾಳ ಸಿಹಿ ಐತ್ರಿ ಹಣ್ಣು" ಎಂದರು. ಛಾಯಾ ತಲೆಯಾಡಿಸಿದಳು. ಮುಂದಿನ ದೋಣಿ ಬರುವವರೆಗೆ ಇಬ್ಬರೂ ಕೂತಿದ್ದರು. ಆ ಹೆಂಗಸು ಒಂದೂ ಪ್ರಶ್ನೆ ಕೇಳಲಿಲ್ಲ. ಹೆಸರೇನು, ಊರ ಕಡೆ ಎಲ್ಲಿ, ಮಕ್ಕಳೆಷ್ಟು, ಯಜಮಾನರು ಏನು ಮಾಡುತ್ತಾರೆ, ಗ್ರೀನ್ ಕಾರ್ಡಾ ಸಿಟಿಜನ್ನಾ, ಯಾವುದೂ ಇಲ್ಲ. ಅಲ್ಲಿಂದ ಹೊರಟು ಬಹಳ ಹೊತ್ತಾದ ಮೇಲೆ, ರೈಲು ಒಂದು ಸುರಂಗದೊಳಕ್ಕೆ ಹೋದಾಗ, ಆಕೆ ಆಡಿದ್ದು ಕನ್ನಡ ಎಂದು ಛಾಯಾಳಿಗೆ ಹೊಳೆದು ಮೈ ಜುಮ್ಮೆಂದಿತು. ಏನನ್ನೂ ಕೇಳದ ಕನ್ನಡದವಳು ಈ ಭೂಮಿಯ ಮೇಲೆ ಇದ್ದಾಳೆಯೇ? ಅದು ಮನುಷ್ಯರಿಂದ ಆಗುವ ಮಾತಲ್ಲ.

ವಾಪಸು ಬಂದ ಮೇಲೆ ಗುಡಿಯಲ್ಲಿ ನವರಾತ್ರಿಯ ಕಥೆಗಳನ್ನು ಮೆಲುಕು ಹಾಕುತ್ತ ಕೂತಿದ್ದಾಗ ಯಾರೋ ಪ್ರವಾಸದ ಬಗ್ಗೆ ಕೇಳಿದ್ದಕ್ಕೆ ಹೇಳಿದಳು. ಹೇಳುವಾಗ ಕಥೆ ತನಗೆ ಬೇಕಾದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಕಿತ್ತಳೆಯನ್ನು ಅವಳು ಆ ಗಂಗೆಗೆ ನೈವೇದ್ಯವೆಂದು ಹಿಡಿದಿದ್ದಳು, ಅಳು ಇರಲಿಲ್ಲ. ನೈವೇದ್ಯವನ್ನು ತಾಯಿ ತಾನೇ ಬಂದು ಸ್ವೀಕರಿಸಿ ಸಿಹಿಯಾಗಿದೆ ಎಂದಳು. ಕೇಳಿದವರ ಕಣ್ಣು ತುಂಬಿತು. ಒಬ್ಬರು ವಿಡಿಯೋ ಮಾಡಿದರು. ಆಮೇಲೆ ಭಜನೆಗೆ ಹೋದಲ್ಲಿ, ಅರಿಸಿನ ಕುಂಕುಮಕ್ಕೆ ಹೋದಲ್ಲಿ, ಅದೇ ಕಥೆ. ರೈಡ್ ಕೊಡಲು ಜನ ತಾವಾಗಿ ಮುಂದೆ ಬಂದರು. ಮಂಜುನಾಥ ಪ್ರತಿಸಲವೂ ಗಂಡಸರ ಸಾಲಿನಲ್ಲಿ ಕೂತು ಕೇಳಿದ, ಕೊನೆಗೆ ಎಲ್ಲರೊಂದಿಗೆ ಕೈ ಮುಗಿದ.

"ಮಿಶಿಗನ್ ಬಂತು. ಒಂದು ಗಂಟೆ ಹೋಯ್ತು ನೋಡು" ಎಂದ. ಗಡಿ ದಾಟಿದ ಕೂಡಲೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರುವುದನ್ನು ಅವನು ಪ್ರತಿಸಲವೂ ಹೀಗೇ, ಯಾರೋ ಜೇಬಿನಿಂದ ಕದ್ದರು ಎನ್ನುವ ಹಾಗೆ ಹೇಳುತ್ತಾನೆ. ಅವಳು ಹೂಂ ಎನ್ನುವಷ್ಟರಲ್ಲಿ ಸ್ಪೀಕರಿನಲ್ಲಿ ಮತ್ತೆ ಫೋನು. ಚಿಕಾಗೋದ ಡೆವನ್ ಅವೆನ್ಯೂದಲ್ಲಿ ದಿನಸಿ ಅಂಗಡಿಯಿರುವ ಶಾಕಿರ್. ಗದಗಿನ ಕಡೆಯವರು, ಮಂಜುನಾಥನಿಗೆ ಹಳೆಯ ಸ್ನೇಹ. ಮಾವಿನಹಣ್ಣು ಬಂದರೆ ಮೊದಲ ಫೋನು ಇವನಿಗೇ. ಮಂಜುನಾಥ ಕತ್ತರಿಸಲು ಬೆರಳು ಚಾಚಿದ್ದು ತಪ್ಪು ಗುಂಡಿಗೆ ಬಿದ್ದು ಫೋನು ತೆರೆದುಕೊಂಡಿತು.

"ಮಂಜಣ್ಣಾ, ಸಲಾಂ ರೀ! ನಮ್ಮ ತಂಗಿ ಖಲೀದಾ ಬಂದಾಳ ನೋಡ್ರಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ದಿಂದ. ನಿನ್ನೆ ಇಳಿದ್ಲು. ಅಕ್ಕಾರ ವಿಡಿಯೋ ಯಾರೋ ಆಕಿಗೆ ಫಾರ್ವರ್ಡ್ ಮಾಡ್ಯಾರ. ನೀರ ದಂಡಿಗೆ ದೇವಿ ಬಂದಿದ್ಲು ಅಂತ ಗುಡಿಯೊಳಗ ಹೇಳ್ಯಾರಂತ! ತೌಬಾ ತೌಬಾ, ನನ್ನ ಕಳಿಸಿದವ್ರು ಮಂಜಣ್ಣಾರು, ನಾ ಯಾವ ದೇವಿ, ಅಕ್ಕಾರ ಕಡೆ ಕ್ಷಮಾ ಕೇಳೂಣು ನಡಿ ಅಂತ ಒಂದೇ ಸವನ ಹಚ್ಚಾಳ. ನೀವಿನ್ನೂ ಅಕ್ಕಾರಿಗೆ ಖರೆ ಹೇಳಿಲ್ಲೇನ್ರಿ?"

ಮಂಜುನಾಥ ಇನ್ನೊಂದು ಗುಂಡಿ ಒತ್ತಿದ. ದನಿ ಇನ್ನೂ ಜೋರಾಯಿತು.

"ಹಲೋ? ಮಂಜಣ್ಣಾ? ಅಕ್ಕಾರು ಬಾಜೂಕ ಇಲ್ಲಲ್ರೀ?"

"ಇದಾರೆ" ಎಂದ ಮಂಜುನಾಥ.

ಡೆವನ್ ಅವೆನ್ಯೂದ ಬಸ್ಸೊಂದು ಬ್ರೇಕ್ ಹಾಕಿದ ಸದ್ದು ಕಾರಿನ ತುಂಬ ಕೇಳಿಸಿತು. "ನಮಸ್ಕಾರ ಶಾಕಿರ್" ಎಂದಳು ಛಾಯಾ. ಫೋನು ತಾನಾಗಿ ಕಡಿದುಹೋಯಿತು.

ರಸ್ತೆಯ ಎರಡೂ ಬದಿ ದ್ರಾಕ್ಷಿತೋಟ, ಬೋರ್ಡುಗಳು, ಮತ್ತೆ ದ್ರಾಕ್ಷಿತೋಟ. ಅವಳು ಕಾಲಬುಡದ ಚೀಲದ ಗಂಟನ್ನು ಇನ್ನೊಮ್ಮೆ ಬಿಗಿದಳು.

"ಯಾವಾಗ ಕಳಿಸಿದ್ರಿ?"

"ಕಳಿಸೋದೇನು, ಅವರೇನು ಪಾರ್ಸಲ್ಲಾ? ನೀನೇ ತಾನೇ ಹಿಂದಿನ ದಿನ ಫೋನಲ್ಲಿ ಹೇಳಿದ್ದು, ನಾಳೆ ಹೋಗೋ ಊರಿಗೆ ಕಾರೇ ಹೋಗಲ್ಲ ಅಂತ. ಎಷ್ಟು ಖುಷಿಯಾಗಿ ಹೇಳಿದೆ! ಕಾರು ಹೋಗಲ್ಲ ಅಂದ್ರೆ ಆಂಬುಲೆನ್ಸೂ ಹೋಗಲ್ಲ ಅಂತಲ್ವಾ? ನನಗೆ ಕೂತಲ್ಲಿ ಕೂರಕ್ಕಾಗಲಿಲ್ಲ ಕಣೇ."

"ದೋಣಿ ಹೋಗತ್ತೆ."

"ದೋಣಿಲಿ ಆಂಬುಲೆನ್ಸಾ!"

"ಅಲ್ಲಿರೋರೆಲ್ಲ ಸತ್ತೇ ಹೋಗ್ತಿದಾರೇನ್ರೀ?"

"ಅವರಿಗೆ ಅಭ್ಯಾಸ ಇರತ್ತೆ. ನಿನಗೆ ಬಿಪಿ ಇದೆ. ಶಾಕಿರ್ ತಂಗಿ ಅದೇ ದೇಶದಲ್ಲಿದಾಳೆ ಅಂತ ನೆನಪಾಯ್ತು. ದೂರದಿಂದ ಒಂದ್ ಸಲ ನೋಡಿ, ಇದಾರೆ ಅಂತ ಮೆಸೇಜ್ ಹಾಕಮ್ಮ ಸಾಕು, ಮಾತಾಡಿಸಬೇಡ, ಅವಳಿಗೆ ಗೊತ್ತಾದ್ರೆ ಬೇಜಾರಾಗ್ತಾಳೆ ಅಂದಿದ್ದೆ. ಆಯಮ್ಮ ಯಾಕೆ ಬಂದು ಕೂತಳೋ ನನಗೇನು ಗೊತ್ತು?"

"ಮತ್ತೆ ನಾನು ಎಲ್ಲರೆದುರಿಗೆ ಹೇಳ್ತಿದ್ದಾಗ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹುಬ್ಬು ಗಂಟಿಕ್ಕಿದ್ದು ಕಾಣಿಸಿತು. "ಎಷ್ಟು ಚೆನ್ನಾಗಿ ಹೇಳ್ತಿದ್ದೆ. ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ."

"ಕೈ ಬೇರೆ ಮುಗಿದ್ರಲ್ಲ. ಯಾರಿಗೆ? ಶಾಕಿರ್ ತಂಗಿಗಾ?"

"ಎಲ್ಲರೂ ಮುಗಿದ್ರು ಕಣೇ, ನಾನೊಬ್ಬನೇ ಬಿಟ್ರೆ ಚೆನ್ನಾಗಿರತ್ತಾ?"

ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ಮೋಸ ಮಾಡಿದ್ದರೆ, ಅಪಹಾಸ್ಯ ಮಾಡಿದ್ದರೆ, ಬಾಗಿಲು ತೆಗೆದು ಇಳಿಯುತ್ತೇನೆ ಎನ್ನಬಹುದಿತ್ತು. ಈ ಮನುಷ್ಯ ಅವಳನ್ನು ಕಾಪಾಡಿದ್ದ. ಅದೇ ಉರಿ. ಏನನ್ನೂ ಕೇಳದ ಕನ್ನಡದವಳು! ಕೇಳುವುದೇನಿತ್ತು ಅವಳಿಗೆ? ಹೆಸರು, ವಯಸ್ಸು, ಬಿಪಿ, ಮಗಳು ಕ್ಯಾಂಟನ್‌ನಲ್ಲಿದ್ದಾಳೆ ಎನ್ನುವುದರವರೆಗೆ ಎಲ್ಲವನ್ನೂ ಇವನು ಈ ಕಡೆಯಿಂದ ತುಂಬಿಸಿ ಕಳಿಸಿರಲೇಬೇಕು. ಛಾಯಾ ಮೌನವೆಂದುಕೊಂಡದ್ದು ಬರೀ ಮೊದಲೇ ಉತ್ತರ ಸಿಕ್ಕಿದವರ ಸುಮ್ಮನಿರುವಿಕೆ. ಇಡೀ ಜನ್ಮದಲ್ಲಿ ಒಂದು ಮಧ್ಯಾಹ್ನ ಮಾತ್ರ ಯಾರ ರೈಡೂ ಇಲ್ಲದೆ ದೇವರ ಹತ್ತಿರ ಹೋಗಿದ್ದೇನೆ ಎಂದುಕೊಂಡಿದ್ದಳು. ಅಲ್ಲಿಗೂ ಇವನೇ ಡ್ರಾಪ್ ಮಾಡಿದ್ದ! ಕಥೆ ಹೇಳಿದ ಒಂದೊಂದು ಮನೆಯೂ ಕಣ್ಣಮುಂದೆ ಬಂತು, ಒಂದೊಂದು ಸೋಫಾ, ಒಂದೊಂದು ತಟ್ಟೆ ಚಕ್ಕುಲಿ. ಎಷ್ಟು ಜನಕ್ಕೆ ಗೊತ್ತಿತ್ತೋ. ಅಳುತ್ತಿದ್ದಳಂತೆ, ಕೈ ಚಾಚಿಕೊಂಡು ಒಬ್ಬಳೇ ಕೂತು ಅಳುತ್ತಿದ್ದಳಂತೆ ಎಂದು ಖಲೀದಾ ಇವನಿಗೆ ಬರೆದಿದ್ದರೆ? ನೈವೇದ್ಯ ಹಿಡಿದೆ ಎಂದು ಅವಳು ಕಣ್ಣು ಮುಚ್ಚಿ ಹೇಳುವಾಗ ಇವನು ಗಂಡಸರ ಸಾಲಿನಲ್ಲಿ ಕೂತು ನಿಜ ಏನೆಂದು ಬಲ್ಲವನಾಗಿ, ಕರುಣೆಯಿಂದ, ಕೈ ಮುಗಿಯುತ್ತಿದ್ದರೆ? ಆ ಕರುಣೆಯನ್ನು ನೆನೆದರೆ ಹಾರ್ನ್ ಹೊಡೆಯುವ ಕಾರುಗಳೇ ವಾಸಿ.

"ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸಿ."

"ಟ್ಯಾಂಕಲ್ಲಿ ಗ್ಯಾಸ್ ಇದೆಯಲ್ಲ."

"ನಿಲ್ಲಿಸಿ ಅಂದ್ನಲ್ಲ."

ಪಾ ಪಾ ಎಂಬ ಊರಿನ ಎಕ್ಸಿಟ್. ಗ್ಯಾಸ್ ಸ್ಟೇಷನ್ನಿನ ಪಕ್ಕ ಒಂದು ತುಂಡು ಹುಲ್ಲು, ಅದರ ಮೇಲೊಂದು ಮರದ ಮೇಜು. ಅವಳು ಅವನ ಫೋನನ್ನೇ ಕೈಗೆತ್ತಿಕೊಂಡು ಇಳಿದಳು. ಶಾಕಿರ್ ಒಂದೇ ರಿಂಗಿಗೆ ಎತ್ತಿ, ಅವಳ ದನಿ ಕೇಳಿದ್ದೇ, "ತಡೀರಿ ಅಕ್ಕಾರ, ತಡೀರಿ" ಎಂದು ಫೋನನ್ನು ಬೆಂಕಿ ಕೆಂಡದಂತೆ ಬೇರೆಯವರ ಕೈಗೆ ದಾಟಿಸಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ." ಅದೇ ದನಿ. ಆ ನಾಲ್ಕು ಪದದ ದನಿಯನ್ನು ಅವಳು ಎಷ್ಟು ಸಲ ನೆನೆದಿದ್ದಳೆಂದರೆ, ಈಗ ಅದು ಬೇರೆ ಪದ ಆಡಿದ್ದೇ ಅನ್ಯಾಯವೆನಿಸಿತು.

"ನೀವು ಎಷ್ಟು ಹೊತ್ತಿನಿಂದ ನೋಡ್ತಿದ್ರಿ ನನ್ನ?"

"ಭಾಳ ಹೊತ್ತು ನಿಂತಿದ್ದೆ ರೀ, ಅಂಜೂರ ಗಿಡದ ಹಿಂದ. ಆರಾಮ ಕುಂತಾರ ಅಂತ ಮಂಜಣ್ಣಾರಿಗೆ ಮೆಸೇಜ್ ಹಾಕಿ ಮುಗಿಸಿದ್ದೆ. ಹೊಳ್ಳಿ ಹೋಗಾಕ ದೋಣಿ ಇನ್ನೂ ಬಂದಿರಲಿಲ್ಲ."

"ಆರಾಮ ಅಂತ ಹಾಕಿದ್ರಾ?"

"ಮತ್ತ? ಅಳಾಕತ್ತಾರ ಅಂತ ಬರೀಲೇನ್ರಿ? ಅದ್ಯಾಕ ಬೇಕು ಅವ್ರಿಗೆ."

ಛಾಯಾ ಮೇಜಿನ ಮೇಲೆ ಕೈಯೂರಿದಳು. ಬಿಸಿಲಿಗೆ ಮರ ಕಾದಿತ್ತು. "ಯಾರಿಗೂ ಹೇಳಿಲ್ವಾ?"

"ನಮ್ಮ ಅಣ್ಣಗೂ ಹೇಳಿಲ್ಲ. ವಿಡಿಯೋದಾಗ ನೀವೂ ಅದನ್ನ ಹೇಳಲಿಲ್ಲಲ್ರಿ. ಹೌದು, ಹಂಗ ಇರ್ಲಿ ಅಂದ್ಕೊಂಡೆ. ಆದ್ರ ದೇವಿ ಅನ್ನೋದೊಂದು ಭಾಳ ಆತ್ರಿ ಅಕ್ಕಾರ. ನಮ್ಮ ಅತ್ತಿ ಕೇಳಿದ್ರ ಮನಿ ಬಿಡಿಸ್ತಾಳ."

ನಗು ಬರುತ್ತಿತ್ತು. ಅದನ್ನು ಬರಗೊಡಲು ಅವಳು ಸಿದ್ಧಳಿರಲಿಲ್ಲ. "ದೂರದಿಂದ ನೋಡು ಅಂದಿದ್ರಂತಲ್ಲ. ಮತ್ತೆ ಹತ್ರ ಯಾಕೆ ಬಂದ್ರಿ?"

ಆ ಕಡೆ ಅಂಗಡಿಯಲ್ಲಿ ಯಾರೋ ಕೊತ್ತಂಬರಿ ಸೊಪ್ಪಿನ ಬೆಲೆ ಕೇಳುತ್ತಿದ್ದರು.

"ಖರೆ ಹೇಳಲೇನ್ರಿ? ಹಸಿವಾಗಿತ್ತು. ಕೆಲಸದ ಮ್ಯಾಲಿಂದ ಹಂಗ ರೈಲು ಹತ್ತಿ ಬಂದಿದ್ದೆ, ಅಲ್ಲಿ ಇದ್ದ ಒಂದು ಹೋಟ್ಲು ಬಾಗಿಲು ಹಾಕಿತ್ತು. ನೀವು ಹಣ್ಣು ಹಿಂಗ ಹಿಡಕೊಂಡು ಕುಂತಿದ್ರಿ. ಯಾರಿಗೋ ಕೊಡಾಕತ್ತಾರ, ಅಲ್ಲಿ ನೋಡಿದ್ರ ಯಾರೂ ಇಲ್ಲ. ಬಂದು ತಗೊಂಡೆ. ಮಂಜಣ್ಣಾರು ಬ್ಯಾಡ ಅಂದಿದ್ದು ಆಮ್ಯಾಲೆ ನೆನಪಾತು."

ಹಸಿವು. ಛಾಯಾ ಆ ಪದವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ದೇವಿಯಲ್ಲ, ಗೂಢಚಾರಿಣಿಯಲ್ಲ, ಯಾರ ಅಪ್ಪಣೆಯೂ ಅಲ್ಲ. ಒಬ್ಬಳಿಗ್ಯಾರಿಗೋ ಹೊಟ್ಟೆ ಹಸಿದಿತ್ತು, ಇನ್ನೊಬ್ಬಳ ಕೈ ಚಾಚಿತ್ತು. ಅಜ್ಜಿ ಇದ್ದಿದ್ದರೆ ಇಲ್ಲಿ ಕಲ್ಲು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮಗಾ, ಉಣಿಸಿದ್ದು ಯಾರು ಉಂಡದ್ದು ಯಾರು ಎಂದು ಕೇಳುತ್ತಿದ್ದಳು. ಅಜ್ಜಿಗೇನು, ಅಜ್ಜಿಯನ್ನು ಯಾರೂ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿರಲಿಲ್ಲ. ಛಾಯಾಳಿಗೆ ಸಮಾಧಾನವಾಗಲಿಲ್ಲ. ಆದರೂ ಏನೋ ಒಂದು, ಬಿಗಿದ ಗಂಟಿನ ಒಂದು ಎಳೆ, ಸಡಿಲವಾದದ್ದು ಗೊತ್ತಾಯಿತು.

"ನಾನು ನಿಮಗ ಏನೂ ಕೇಳಲಿಲ್ಲ ಅಂತ ವಿಡಿಯೋದಾಗ ಹೇಳೀರಿ" ಎಂದಳು ಖಲೀದಾ. "ಏನ ಕೇಳಲಿ? ನಿಮ್ಮ ಗುಳಿಗಿ ಹೆಸರು ಸೈತ ಅವ್ರು ಬರದು ಕಳಿಸಿದ್ರು. ಒಂದ ಒಂದು ಬರದಿರಲಿಲ್ಲ. ಅದನ್ನ ಆವತ್ತು ಕೇಳಬೇಕಂತ ಬಾಯಿಮಟಾ ಬಂದಿತ್ರಿ. ಯಾಕ ಅಳಾಕತ್ತಿದ್ರಿ?"

ದೂರದಲ್ಲಿ ಮಂಜುನಾಥ ಗ್ಯಾಸ್ ಸ್ಟೇಷನ್ನಿನ ಉದ್ದ ಹಿಡಿಯ ಸ್ಪಂಜಿನಿಂದ ಮುಂದಿನ ಗಾಜು ಒರೆಸುತ್ತಿದ್ದ. ಅವಳ ಕಡೆಯ ಅರ್ಧವನ್ನು ಒರೆಸಿ, ಬಗ್ಗಿ ನೋಡಿ, ತೃಪ್ತಿಯಾಗದೆ ಮತ್ತೆ ಒರೆಸಿದ. ಅವನ ಬೆನ್ನು ಮುದಿಯಾಗಿತ್ತು. ಅವನ ಮೇಲಿನ ಸಿಟ್ಟು ಮಾತ್ರ ಇನ್ನೂ ಎಳೆಯದಾಗಿಯೇ ಇತ್ತು, ಎರಡೂ ಒಂದರ ಪಕ್ಕ ಒಂದು ಆರಾಮವಾಗಿ ನಿಂತಿದ್ದವು.

"ಆ ಕೈ ಹಿಂದಕ್ಕೆ ಎಳ್ಕೊಳ್ಳೋಕೆ ಆಗಲಿಲ್ಲ" ಎಂದಳು.

"ಹೌದ್ರಿ" ಎಂದಳು ಖಲೀದಾ. ಅಷ್ಟೇ. ಮತ್ತೆ ಕೇಳಲಿಲ್ಲ. ಈ ಸಲ ಯಾರೂ ಅವಳಿಗೆ ಉತ್ತರ ಮೊದಲೇ ಬರೆದು ಕಳಿಸಿರಲಿಲ್ಲ. ಬರುವ ವಾರ ಡೆವನ್‌ಗೆ ಬರುತ್ತೇನೆ, ಬಸ್ಸಿನಲ್ಲಿ ಬರುತ್ತೇನೆ, ನಿಮ್ಮಣ್ಣ ಕಾರು ಕಳಿಸಕೂಡದು ಎಂದು ಹೇಳಿ ಛಾಯಾ ಫೋನಿಟ್ಟಳು.

ಅವಳು ಬರುವುದನ್ನು ಕಂಡು ಮಂಜುನಾಥ ಸ್ಪಂಜನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡ. "ಏನಂದ್ರು?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಇಷ್ಟ್ ಹೊತ್ತು ಮಾತಾಡಿದೆ!"

ಅವಳು ಅವನ ಫೋನನ್ನು ಅವನ ಕೈಗೇ ಕೊಟ್ಟಳು. ಮುಂದಿನ ಬಾಗಿಲು ದಾಟಿ ಹಿಂದಿನ ಬಾಗಿಲು ತೆರೆದು ಒಳಗೆ ಕೂತಳು. ಈ ಕಾರು ಮನೆಗೆ ಬಂದಾಗಿನಿಂದ ಅವಳು ಇಲ್ಲಿ ಕೂತಿರಲಿಲ್ಲ. ಸೀಟು ಹೊಸದರ ಹಾಗೆ ಗಟ್ಟಿಯಾಗಿತ್ತು. ಮುಂದೆ ಕಾಣುವುದು ಸೀಟಿನ ಬೆನ್ನು ಮಾತ್ರ, ಕಣ್ಣು ತಾನಾಗಿ ಪಕ್ಕದ ಕಿಟಕಿಗೆ ಹೋಯಿತು.

"ಹಿಂದೆ ಯಾಕೆ? ಮೈ ಸರಿ ಇಲ್ವಾ?"

"ಸರಿ ಇದೀನಿ. ಹೊರಡಿ."

"ಯಾರಾದ್ರೂ ನೋಡಿದ್ರೆ ಟ್ಯಾಕ್ಸಿ ಅಂದ್ಕೋತಾರೆ ಕಣೇ."

"ಅಂದ್ಕೊಳ್ಲಿ."

ಅವನು ಕನ್ನಡಿಯನ್ನು ಅವಳ ಮುಖಕ್ಕೆ ತಿರುಗಿಸಿಕೊಂಡ, ಆಮೇಲೆ ಟ್ರಕ್ಕಿನ ಭಯಕ್ಕೆ ಮತ್ತೆ ಮೊದಲಿನಂತೆ ತಿರುಗಿಸಿದ. ಕಲಮಜೂ ಹೋಯಿತು, ಬ್ಯಾಟಲ್ ಕ್ರೀಕ್ ಹೋಯಿತು. ರಸ್ತೆಯ ಪಕ್ಕದಲ್ಲಿ ಸಣ್ಣ ಸಣ್ಣ ಕೆರೆಗಳಿದ್ದವು, ಮರಗಳ ಸಂದಿಯಲ್ಲಿ ಹೊಳೆದು ಮಾಯವಾಗುವಂಥವು. ಇಷ್ಟೊಂದು ಇದ್ದವೇ ಈ ದಾರಿಯಲ್ಲಿ? ಒಂದರ ದಡದಲ್ಲಿ ಯಾರೋ ಮಡಚುವ ಕುರ್ಚಿ ಹಾಕಿಕೊಂಡು ಗಾಳ ಹಿಡಿದು ಕೂತಿದ್ದರು. ಪಕ್ಕದ ಕಿಟಕಿಯಲ್ಲಿ ಎಲ್ಲವೂ ನಿಧಾನವಾಗಿ ಬಂದು ನಿಧಾನವಾಗಿ ಹೋಗುತ್ತಿತ್ತು, ಕತ್ತು ತಿರುಗಿಸಿದರೆ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತಿತ್ತು.

"ಸಂಜೆ ಕಥೆ ಹೇಳ್ತೀಯೋ ಇಲ್ವೋ?" ಜಾಕ್ಸನ್ ದಾಟಿದ ಮೇಲೆ ಅವನು ಕೇಳಿದ. ದನಿಯಲ್ಲಿ ನಿಜವಾದ ಗಾಬರಿಯಿತ್ತು. "ವಸುಧಾ ಅವರು ಜನಾನೆಲ್ಲ ಕರೆದಿರ್ತಾರೆ."

"ನೀವೇ ಹೇಳಿ. ನಿಮಗೆ ಪೂರ್ತಿ ಗೊತ್ತಿದೆಯಲ್ಲ."

ಅವನು ಬಾಯಿ ತೆರೆದ, ಮುಚ್ಚಿದ. ಗೊತ್ತಿರುವುದನ್ನೆಲ್ಲ ಮನಸ್ಸಿನಲ್ಲೇ ಒಂದಾದ ಮೇಲೊಂದು ಇಟ್ಟು ನೋಡುತ್ತಿದ್ದನೆಂದು ಅವನ ಕತ್ತಿನ ಹಿಂಭಾಗದಿಂದಲೇ ಅವಳಿಗೆ ತಿಳಿಯುತ್ತಿತ್ತು. ನಡುವೆ ಒಂದು ಕಡೆ ಏನೋ ಕೈಗೆ ಸಿಗದಿದ್ದದ್ದೂ ತಿಳಿಯಿತು. ಬಹಳ ಹೊತ್ತಿನ ಮೇಲೆ ಅವನು ಅನುಮಾನದಿಂದ, "ಆರಾಮಾಗೇ ಕೂತಿದ್ದೆ ತಾನೇ ಅಲ್ಲಿ?" ಎಂದ. ಅವಳು ಕಿಟಕಿಯಾಚೆ ಇನ್ನೊಂದು ಕೆರೆ ಹುಡುಕಿದಳು.

ಆನ್ ಆರ್ಬರ್ ಹತ್ತಿರವಾಗುತ್ತಿದ್ದಂತೆ ರಸ್ತೆ ಅಗಲವಾಯಿತು. ಮಗಳ ಮನೆಗೆ ತಿರುಗುವ ಎಂ ಫೋರ್ಟೀನ್ ರಸ್ತೆ ಇಲ್ಲೇ ಎಲ್ಲೋ ಕವಲೊಡೆಯುತ್ತದೆ. ಅವನು ಪಕ್ಕದ ಖಾಲಿ ಸೀಟಿನ ಮೇಲಿಟ್ಟ ಫೋನನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡುತ್ತ ವೇಗ ತಗ್ಗಿಸಿದ, ಹಿಂದಿನವರು ಹಾರ್ನ್ ಹೊಡೆದದ್ದಕ್ಕೆ ಹೆಚ್ಚಿಸಿದ. ಎಂ ಫೋರ್ಟೀನಿನ ಹಸಿರು ಬೋರ್ಡು ಮೊದಲು ಚುಕ್ಕೆಯಾಗಿ, ಆಮೇಲೆ ಅಕ್ಷರವಾಗಿ, ಬಾಣವಾಗಿ ಬಂದು ಅವಳ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಅದರ ಕೆಳಗೆ ಕಂಬದ ಮೇಲೊಂದು ಗಿಡುಗ ಕೂತಿತ್ತು. ಕತ್ತು ತಿರುಗಿಸಿ ಅದನ್ನು ಕಾಣುವವರೆಗೂ ನೋಡಿದಳು.

"ಛಾಯಾ, ಎಂ ಫೋರ್ಟೀನ್ ಬಂತಾ?"

"ಬಂತು."

"ಎಲ್ಲಿ? ಎಲ್ಲಿ?"

"ಹೋಯ್ತು."